ತರಬೇತಿಯ ದುಡ್ಡಿಗೆ ಲೆಕ್ಕ ಕೇಳುವುದು ಹೇಗೆ?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪಂಚಾಯತ್ ಸದಸ್ಯರು, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಟನೆಯ ಕಾರ್ಯಕರ್ತೆಯರು ಮತ್ತು ಕೆಲವು ಅಧ್ಯಾಪಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಉಳಿಯಲಿ ಅಂತ ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಈ ಸೆಕೆಯಲ್ಲಿ ಇಷ್ಟು ಮಂದಿ ಬಂದು ಕೂತಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಪಂಚಾಯತುಗಳಲ್ಲಿ ವರ್ಷಕ್ಕೊಂದಾದರೂ ಉದ್ಯೋಗ ತರಬೇತಿ ನಡೆಯುತ್ತದೆ. ಹೊಲಿಗೆ, ಬ್ಯೂಟಿಷಿಯನ್, ಅಣಬೆ ಬೇಸಾಯ, ಮೊಬೈಲ್ ರಿಪೇರಿ, ಕಂಪ್ಯೂಟರ್. ಮಾರ್ಚ್ ಬಂತೆಂದರೆ ಬಿಲ್ಲು ಪಾಸು ಮಾಡುವ ಗಡಿಬಿಡಿ. ವರದಿ ತೆರೆದು ನೋಡಿದರೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿಗೆ ಸರ್ಟಿಫಿಕೇಟ್ ಸಿಕ್ಕಿತು, ಎಷ್ಟು ಖರ್ಚಾಯಿತು ಅಂತ ಇರುತ್ತದೆ. ಖರ್ಚು ನೂರಕ್ಕೆ ನೂರು ಆಗಿದ್ದರೆ ಎಲ್ಲರಿಗೂ ಸಮಾಧಾನ. ಸಮಾರೋಪದ ದಿನ ಸರ್ಟಿಫಿಕೇಟ್ ಹಿಡಿದು ಒಂದು ಗ್ರೂಪ್ ಫೋಟೋ, ಮರುದಿನ ಪತ್ರಿಕೆಯಲ್ಲಿ ಸುದ್ದಿ. ಅಲ್ಲಿಗೆ ಮುಗಿಯಿತು. ಆ ಫೋಟೋದಲ್ಲಿದ್ದವರು ಒಂದು ವರ್ಷ ಕಳೆದ ಮೇಲೆ ಏನು ಮಾಡುತ್ತಿದ್ದಾರೆ ಅಂತ ಕೇಳುವವರು ತೀರಾ ಕಡಿಮೆ.

ನಾನು ಹೇಳಲು ಬಂದದ್ದು ಇಷ್ಟೇ. ತರಬೇತಿಗೆ ಕೊಡುವ ಸಾರ್ವಜನಿಕ ದುಡ್ಡು, ಆ ತರಬೇತಿಯಿಂದ ನಿಜವಾಗಿ ಏನು ಬದಲಾಯಿತು ಅಂತ ನೋಡಿಕೊಂಡು ಹೋಗಬೇಕು. ಕೇಳಲು ಬಹಳ ಸುಲಭದ ಮಾತು. ಆದರೆ ಆ "ನಿಜವಾಗಿ ಏನು ಬದಲಾಯಿತು" ಅನ್ನುವುದನ್ನು ಕಂಡುಹಿಡಿಯುವುದಿದೆಯಲ್ಲ, ಎಲ್ಲರೂ ಎಡವುವುದು ಅಲ್ಲೇ. ಸರಕಾರಗಳೂ ಎಡವಿವೆ, ಪರದೇಶದ ದೊಡ್ಡ ದೊಡ್ಡ ತಜ್ಞರೂ ಎಡವಿದ್ದಾರೆ.

ಒಬ್ಬರು ಮೇ ತಿಂಗಳಲ್ಲಿ ಗುಡ್ಡದ ಮೇಲೆ ಇಂಗುಗುಂಡಿ ತೋಡಿಸಿದರು ಅಂತ ಇಟ್ಟುಕೊಳ್ಳಿ. ಜುಲೈಯಲ್ಲಿ ಬಾವಿ ತುಂಬಿತು. "ನೋಡಿ, ಇಂಗುಗುಂಡಿಯ ಫಲ" ಅಂತ ಅವರು ಹೇಳಿದರೆ ನೀವು ನಗುತ್ತೀರಿ. ಜುಲೈಯಲ್ಲಿ ನಮ್ಮೂರಿನ ಯಾವ ಬಾವಿ ತುಂಬುವುದಿಲ್ಲ? ಗುಂಡಿಯಿಂದ ಪ್ರಯೋಜನ ಆಗಿದೆಯಾ ಅಂತ ತಿಳಿಯಬೇಕಾದರೆ ಎಪ್ರಿಲ್ ತಿಂಗಳಲ್ಲಿ ಬಾವಿ ನೋಡಬೇಕು. ಗುಂಡಿ ತೋಡದ ಪಕ್ಕದ ಮನೆಯ ಬಾವಿಯನ್ನೂ ಒಮ್ಮೆ ಬಗ್ಗಿ ನೋಡಬೇಕು. ಎರಡರ ನಡುವೆ ವ್ಯತ್ಯಾಸ ಎಷ್ಟೋ, ಗುಂಡಿಯ ಫಲ ಅಷ್ಟೇ. ಉದ್ಯೋಗ ತರಬೇತಿಯಲ್ಲಿ ನಾವು ಜುಲೈಯ ಬಾವಿ ನೋಡಿ ಖುಷಿ ಪಡುತ್ತಿದ್ದೇವೆ.

ನಮ್ಮ ಜಿಲ್ಲೆಯದೇ ಒಂದು ಸಂಗತಿ ತೆಗೆದುಕೊಳ್ಳಿ. ಒಬ್ಬ ಹುಡುಗ ದುಬೈಯಿಂದ ವೀಸಾ ಮುಗಿಸಿ ಊರಿಗೆ ಬಂದ. ಮೂರು ತಿಂಗಳು ಕೈಯಲ್ಲಿ ಕೆಲಸ ಇಲ್ಲ, ಸಂಪಾದನೆ ಸೊನ್ನೆ. ಸುಮ್ನೆ ಮನೆಯಲ್ಲಿ ಕೂರುವುದು ಯಾಕೆ ಅಂತ ಎ.ಸಿ. ರಿಪೇರಿ ತರಬೇತಿಗೆ ಸೇರಿದ. ಒಂದು ವರ್ಷ ಕಳೆಯುವಾಗ ಅವನಿಗೆ ಉಪ್ಪಳದಲ್ಲೋ ಮಂಗಳೂರಿನಲ್ಲೋ ಕೆಲಸ ಸಿಕ್ಕಿತ್ತು. ತರಬೇತಿ ಕೇಂದ್ರದ ಲೆಕ್ಕದಲ್ಲಿ ಅದು ಗೆಲುವು: ಮೊದಲು ಸೊನ್ನೆ, ಈಗ ಇಷ್ಟು ಸಾವಿರ. ಆದರೆ ತರಬೇತಿ ಇಲ್ಲದೆಯೂ ಅವನು ಒಂದು ವರ್ಷದಲ್ಲಿ ಏನಾದರೂ ಹುಡುಕಿಕೊಳ್ಳುತ್ತಿದ್ದ, ಅಲ್ವಾ? ಹತ್ತು ವರ್ಷ ಮರುಭೂಮಿಯಲ್ಲಿ ದುಡಿದು ಬಂದವನು ಜೀವಮಾನವಿಡೀ ಜಗಲಿಯಲ್ಲಿ ಕೂರುವವನಲ್ಲ.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಆರ್ಲಿ ಆಶೆನ್‌ಫೆಲ್ಟರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು, 1978ರಲ್ಲಿ. ತರಬೇತಿಗೆ ಸೇರಿದವರ ಹಳೆಯ ಸಂಪಾದನೆ ನೋಡಿದಾಗ, ಸೇರುವುದಕ್ಕೆ ಸ್ವಲ್ಪ ಮುಂಚೆ ಅದು ದಡಕ್ಕನೆ ಇಳಿದಿರುವುದು ಅವರಿಗೆ ಕಂಡಿತು. ಕೆಲಸ ಹೋದ ಕಾರಣಕ್ಕೇ ಜನ ತರಬೇತಿಗೆ ಬರುವುದು. ಕೆಳಗೆ ಬಿದ್ದವರು ಹೇಗೂ ಸ್ವಲ್ಪ ಏಳುತ್ತಾರೆ. ಆ ಏಳುವಿಕೆಯ ಹೆಸರನ್ನೆಲ್ಲ ತರಬೇತಿ ಹೊಡೆದುಕೊಂಡು ಹೋಗುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಈ ಇಳಿತಕ್ಕೆ ಇವತ್ತಿಗೂ ಅವರದೇ ಹೆಸರು.

ಈಗ ನಮ್ಮ ದೇಶದ ದೊಡ್ಡ ಯೋಜನೆಗಳಿಗೆ ಬರೋಣ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರ ಜುಲೈಯಲ್ಲಿ ಶುರುವಾಯಿತು. ಅದರ ಎರಡನೇ ಹಂತಕ್ಕೆ 2016ರಿಂದ 2020ರವರೆಗೆ 12,000 ಕೋಟಿ ರೂಪಾಯಿ ಇಟ್ಟಿದ್ದರು. ಆ ಹಂತದಲ್ಲಿ ತರಬೇತಿ ಕೇಂದ್ರಕ್ಕೆ ದುಡ್ಡು ಹೋಗುತ್ತಿದ್ದದ್ದು ಹೀಗೆ: ತರಗತಿ ಶುರುವಾದಾಗ 30 ಶೇಕಡಾ, ಸರ್ಟಿಫಿಕೇಟ್ ಕೊಟ್ಟಾಗ 50 ಶೇಕಡಾ, ಕೆಲಸ ಸಿಕ್ಕಿದ ಮೇಲೆ ಉಳಿದ 20 ಶೇಕಡಾ. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ರೂಪಾಯಿಗೆ ಎಂಬತ್ತು ಪೈಸೆ ಕೇಂದ್ರದವರ ಕೈ ಸೇರಿರುತ್ತದೆ. ಹೀಗಿದ್ದರೆ ಕೇಂದ್ರದವರು ಯಾವುದರ ಹಿಂದೆ ಓಡುತ್ತಾರೆ? ಸರ್ಟಿಫಿಕೇಟಿನ ಹಿಂದೆ. ಅವರನ್ನು ಬೈದು ಪ್ರಯೋಜನವಿಲ್ಲ. ದುಡ್ಡು ಎಲ್ಲಿ ಇಟ್ಟಿದ್ದೇವೋ ಜನ ಅಲ್ಲಿಗೇ ಬರುತ್ತಾರೆ.

ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರ ಪೈಕಿ ಕೆಲಸ ಸಿಕ್ಕಿದ್ದು ನೂರಕ್ಕೆ ಸುಮಾರು 43 ಮಂದಿಗೆ ಅಂತ ಕೇಂದ್ರ ಸರಕಾರವೇ ಲೆಕ್ಕ ಕೊಟ್ಟಿದೆ. ಇದು ಒಳ್ಳೆಯ ಅಂಕಿಯಾ, ಕೆಟ್ಟ ಅಂಕಿಯಾ? ಪತ್ರಿಕೆಗಳು ಕೆಟ್ಟದ್ದು ಅಂತ ಬರೆದವು. ನನ್ನ ಪ್ರಕಾರ ಎರಡೂ ಹೇಳಲು ಬರುವುದಿಲ್ಲ. ತರಬೇತಿ ಇಲ್ಲದೆಯೇ ಆ ನೂರರಲ್ಲಿ ಹತ್ತು ಮಂದಿಗೆ ಕೆಲಸ ಸಿಗುತ್ತಿತ್ತು ಅಂತಾದರೆ 43 ಬಹಳ ದೊಡ್ಡ ಸಾಧನೆ. ನಲವತ್ತು ಮಂದಿಗೆ ಸಿಗುತ್ತಿತ್ತು ಅಂತಾದರೆ ಅದೇ 43 ಏನೂ ಅಲ್ಲ. ಪಕ್ಕದ ಮನೆಯ ಬಾವಿಯನ್ನು ಯಾರೂ ನೋಡಿಲ್ಲ, ಅಷ್ಟೇ.

ನೋಡಿದವರು ಏನು ಕಂಡರು? ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಬಡ ಮತ್ತು ಮಧ್ಯಮ ದೇಶಗಳಲ್ಲಿ ನಡೆದ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಎಲ್ಲವೂ ಹೋಲಿಕೆಯ ಗುಂಪು ಇಟ್ಟುಕೊಂಡು ಮಾಡಿದ ಅಧ್ಯಯನಗಳು. ಸರಾಸರಿ ತೆಗೆದರೆ, ನೂರು ಮಂದಿಗೆ ವೃತ್ತಿ ತರಬೇತಿ ಕೊಟ್ಟಾಗ, ಅದಿಲ್ಲದೆ ಕೆಲಸ ಸಿಗದೇ ಇರುತ್ತಿದ್ದ ಎರಡೋ ಮೂರೋ ಮಂದಿಗೆ ಮಾತ್ರ ಹೊಸದಾಗಿ ಕೆಲಸ ಸಿಕ್ಕಿದೆ. ನೂರಕ್ಕೆ ಮೂರು ಅಂತಲೇ ಇಟ್ಟುಕೊಳ್ಳಿ. ಒಬ್ಬರ ತರಬೇತಿಗೆ ಹದಿನೈದು ಸಾವಿರ ಖರ್ಚು ಅಂತ ಊಹಿಸಿದರೆ ನೂರು ಮಂದಿಗೆ ಹದಿನೈದು ಲಕ್ಷ. ಹೆಚ್ಚುವರಿಯಾಗಿ ಸಿಕ್ಕಿದ್ದು ಮೂರು ಕೆಲಸ. ಒಂದು ಕೆಲಸಕ್ಕೆ ಐದು ಲಕ್ಷ ರೂಪಾಯಿ. ಆ ದುಡ್ಡನ್ನು ಅವರ ಕೈಗೇ ಕೊಟ್ಟಿದ್ದರೆ ಎರಡು ದನ ಕಟ್ಟಿ, ಅಂಗಡಿಯನ್ನೂ ಹಾಕಿ, ಇನ್ನೂ ಉಳಿಯುತ್ತಿತ್ತು.

ಇಷ್ಟು ಕೇಳಿದ ಮೇಲೆ ಹಿಂದಿನ ಸಾಲಿನಲ್ಲಿ ಒಂದಿಬ್ಬರು ತಲೆಯಾಡಿಸುತ್ತಿದ್ದೀರಿ, ಹಾಗಾದರೆ ತರಬೇತಿಯೇ ದಂಡ ಅಂತ. ತಾಳಿ. ಎರಡು ಮೂರು ಅನ್ನುವುದು ಸರಾಸರಿ. ಅದರ ಒಳಗೆ ಏನೂ ಪ್ರಯೋಜನವಾಗದ ತರಬೇತಿಗಳೂ ಇವೆ, ಬದುಕನ್ನೇ ಬದಲಿಸಿದ ತರಬೇತಿಗಳೂ ಇವೆ. ಯಾವುದು ಯಾವುದು ಅಂತ ಗುರುತಿಸಿ, ಎರಡನೇ ಬಗೆಗೆ ದುಡ್ಡು ಜಾಸ್ತಿ ಹೋಗುವ ಹಾಗೆ ಮಾಡುವುದೇ ಇಡೀ ಕೆಲಸ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಸ್ಯಾನ್ ಆಂಟೋನಿಯೊ ಅಂತ ಒಂದು ಊರು. 1990ರಲ್ಲಿ ಅಲ್ಲಿನ ಲೆವೈಸ್ ಬಟ್ಟೆ ಕಾರ್ಖಾನೆ ಬಾಗಿಲು ಹಾಕಿತು. ಸುಮಾರು ಸಾವಿರ ಮಂದಿಗೆ ಕೆಲಸ ಹೋಯಿತು. ಅವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದ ಹೆಂಗಸರು, ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಕೂತವರು. ನಮ್ಮಲ್ಲಾಗಿದ್ದರೆ ಏನು ಮಾಡುತ್ತಿದ್ದೆವು? ಅವರಿಗೆ ಹೊಲಿಗೆ ಬರುತ್ತದೆ, ಒಂದೊಂದು ಮಿಷನ್ ಕೊಡಿ ಅನ್ನುತ್ತಿದ್ದೆವು. ಅಲ್ಲಿನ ಚರ್ಚು ಮತ್ತು ನೆರೆಹೊರೆಯ ಸಂಘಟನೆಗಳು ಹಾಗೆ ಮಾಡಲಿಲ್ಲ. ಊರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಎಲ್ಲಿದೆ ಅಂತ ಮೊದಲು ಹುಡುಕಿದರು. ಆಸ್ಪತ್ರೆಗಳಲ್ಲಿ ನರ್ಸುಗಳು, ತಂತ್ರಜ್ಞರು ಬೇಕಾಗಿದ್ದರು. 1992ರಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಎಂಬ ಯೋಜನೆ ಶುರು ಮಾಡಿ, ಊರಿನ ಕಾಲೇಜಿನಲ್ಲೇ ಆ ಕೋರ್ಸುಗಳಿಗೆ ಜನರನ್ನು ಸೇರಿಸಿದರು. ಫೀಸು, ಪುಸ್ತಕ, ಓಡಾಟಕ್ಕೆಲ್ಲ ಸಹಾಯ. ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಮಾತಾಡುವ ಒಬ್ಬ ಸಲಹೆಗಾರರು. ಮಗುವಿಗೆ ಜ್ವರ, ಗಂಡನ ತಕರಾರು, ಗಣಿತ ತಲೆಗೆ ಹೋಗುತ್ತಿಲ್ಲ, ಇವೆಲ್ಲ ಅಲ್ಲಿ ಹೇಳಬಹುದಿತ್ತು.

ಮುಂದೆ ಈ ಯೋಜನೆಯನ್ನು ಸರಿಯಾಗಿ ಪರೀಕ್ಷೆ ಮಾಡಿದರು. ಅರ್ಹರಾದ ಅರ್ಜಿದಾರರಲ್ಲಿ ಯಾರಿಗೆ ಸೀಟು ಅಂತ ಅದೃಷ್ಟದ ಮೇಲೆ ಬಿಟ್ಟು, ಸಿಕ್ಕಿದವರನ್ನೂ ಸಿಗದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಮೊದಲ ವರ್ಷ ತರಬೇತಿಗೆ ಸೇರಿದವರ ಸಂಪಾದನೆಯೇ ಕಡಿಮೆ! ಓದುತ್ತಿದ್ದರಲ್ಲ, ದುಡಿಯಲು ಸಮಯ ಎಲ್ಲಿ? ಆದರೆ ಒಂಬತ್ತನೇ ವರ್ಷಕ್ಕೆ ಅವರು ಉಳಿದವರಿಗಿಂತ ವರ್ಷಕ್ಕೆ 5,000 ಡಾಲರಿಗೂ ಹೆಚ್ಚು ದುಡಿಯುತ್ತಿದ್ದರು. ಆರು ತಿಂಗಳಲ್ಲಿ ಫಲಿತಾಂಶ ತೋರಿಸಿ ಅಂತ ಯಾರಾದರೂ ಕೂತಿದ್ದರೆ ಈ ಯೋಜನೆಯನ್ನು ಮೊದಲ ವರ್ಷವೇ ಮುಚ್ಚಿಬಿಡುತ್ತಿದ್ದರು.

ಈ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣ ನಮ್ಮ ಬೀಡಿ ಕಟ್ಟುವ ಅಕ್ಕಂದಿರು. ಕುಂಬಳೆ, ಮಂಜೇಶ್ವರ ಕಡೆ ಒಂದು ಕಾಲದಲ್ಲಿ ಮನೆಮನೆಯಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು. ಈಗ ಆ ಕೆಲಸ ಕರಗುತ್ತಾ ಬಂದಿದೆ. ಅವರ ಮನೆಯ ಹೆಣ್ಣುಮಕ್ಕಳಿಗೆ ಬದಲಿ ಉದ್ಯೋಗ ಅಂತ ನಾವು ಯೋಚಿಸುವಾಗ ಎದ್ದು ಬರುವುದು ಅದೇ ಹೊಲಿಗೆ ಮಿಷನ್. ಇಲ್ಲಿಂದ ಬಸ್ಸು ಹತ್ತಿದರೆ ಒಂದೆರಡು ಗಂಟೆಯಲ್ಲಿ ಮಂಗಳೂರು ಕಡೆಯ ದೇರಳಕಟ್ಟೆ, ಕಂಕನಾಡಿ. ಅಲ್ಲಿರುವ ಆಸ್ಪತ್ರೆಗಳಿಗೆ ಲ್ಯಾಬ್ ಟೆಕ್ನೀಷಿಯನ್ ಬೇಕು, ಡಯಾಲಿಸಿಸ್ ಮಿಷನ್ ನೋಡಿಕೊಳ್ಳುವವರು ಬೇಕು, ನರ್ಸುಗಳು ಬೇಕು. ಹತ್ತು ಮಂದಿಗೆ ಹೊಲಿಗೆ ಕಲಿಸುವ ದುಡ್ಡಿನಲ್ಲಿ ಒಬ್ಬಳಿಗೆ ಅಂಥ ಒಂದು ಕೋರ್ಸು ಮಾಡಿಸಬಹುದು. ವರದಿಯಲ್ಲಿ ಒಂದೇ ಹೆಸರು ಬರುತ್ತದೆ, ಫೋಟೋ ಚೆನ್ನಾಗಿರುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಬೇಕಾದ ವಿಷಯ.

ಇಂಥವೇ ಬೇರೆ ಕೆಲವು ಅಮೆರಿಕದ ಯೋಜನೆಗಳನ್ನು ಲಾರೆನ್ಸ್ ಕಾಟ್ಜ್ ಮತ್ತು ಸಂಗಡಿಗರು 2022ರ ಒಂದು ಲೇಖನದಲ್ಲಿ ಒಟ್ಟಿಗೆ ನೋಡಿದ್ದಾರೆ. ಒಂದೊಂದು ಉದ್ಯಮವನ್ನು ಆರಿಸಿಕೊಂಡು, ಆ ಉದ್ಯಮದವರನ್ನು ಕೇಳಿಯೇ ಪಾಠ ರೂಪಿಸುವ ಯೋಜನೆಗಳು ಅವು. ತರಬೇತಿ ಮುಗಿದ ಮುಂದಿನ ವರ್ಷ ಸಂಪಾದನೆ 14ರಿಂದ 39 ಶೇಕಡಾ ಏರಿದೆ. ಬಂದವರನ್ನೆಲ್ಲ ಸೇರಿಸಿಕೊಳ್ಳದೆ ಆರಿಸುವುದು, ಬೇರೆ ಕಂಪನಿಯಲ್ಲೂ ನಡೆಯುವ ಸರ್ಟಿಫಿಕೇಟ್, ಕೆಲಸಕ್ಕೆ ಸೇರಿದ ಮೇಲೂ ಬೆನ್ನ ಹಿಂದೆ ನಿಲ್ಲುವುದು, ಇವು ಅವುಗಳಲ್ಲಿ ಸಾಮಾನ್ಯ.

ಹಾಗಂತ ಹೊಲಿಗೆಯನ್ನು ತೆಗೆದುಹಾಕಬೇಕಾಗಿಲ್ಲ. ದೆಹಲಿಯ ಬಡ ಕಾಲೊನಿಗಳಲ್ಲಿ ಆರು ತಿಂಗಳ ಒಂದು ಹೊಲಿಗೆ ತರಬೇತಿ ನಡೆದಿತ್ತು. ಪ್ರಥಮ್ ಮತ್ತು ಸತ್ಯಾ ಎಂಬ ಸಂಸ್ಥೆಗಳು ನಡೆಸಿದ್ದು. ಅರ್ಜಿ ಹಾಕಿದ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಪುಷ್ಕರ್ ಮೈತ್ರಾ, ಸುಭಾ ಮಣಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ತರಬೇತಿಯ ಅವಕಾಶ ಸಿಕ್ಕಿದವರಲ್ಲಿ ಉದ್ಯೋಗ ಮಾಡುವವರು ನೂರಕ್ಕೆ ಆರು ಮಂದಿಯಷ್ಟು ಜಾಸ್ತಿ ಇದ್ದರು. ತಿಂಗಳ ಸಂಪಾದನೆ ಎರಡೂವರೆ ಪಟ್ಟು ಆಗಿತ್ತು, ಮೊದಲಿದ್ದದ್ದೇ ಬಹಳ ಕಡಿಮೆ ಅನ್ನುವುದನ್ನೂ ಹೇಳಬೇಕು. ನನಗೆ ಇದರಲ್ಲಿ ಮುಖ್ಯ ಅಂತ ಕಂಡದ್ದು ಮಧ್ಯದಲ್ಲೇ ಬಿಟ್ಟವರ ವಿಷಯ. ತುಂಬಾ ಮಂದಿ ಬಿಟ್ಟರು. ಕಾರಣ ಹುಡುಕಿದಾಗ ಸಿಕ್ಕಿದ್ದು: ಕೇಂದ್ರ ಮನೆಯಿಂದ ದೂರ, ಮಗುವನ್ನು ನೋಡಿಕೊಳ್ಳುವವರಿಲ್ಲ, ಕೈಯಲ್ಲಿ ಕಾಸಿಲ್ಲ.

ದೆಹಲಿಯ ಕಾಲೊನಿಯಲ್ಲೇ ದೂರ ಅಂತಾದರೆ ಎಣ್ಮಕಜೆಯ ಒಳಗಿನ ಗುಡ್ಡದಲ್ಲಿರುವವಳ ಪಾಡೇನು? ಬೆಳಿಗ್ಗೆ ಒಂದು ಬಸ್ಸು, ಅದು ತಪ್ಪಿದರೆ ಜೀಪಿಗೆ ಕೊಡಬೇಕು. ತರಗತಿ ಬಿಡುವುದು ನಾಲ್ಕೂವರೆಗೆ, ವಾಪಸು ಬಸ್ಸು ನಾಲ್ಕು ಇಪ್ಪತ್ತಕ್ಕೆ. ಇಪ್ಪತ್ತು ನಿಮಿಷ ಮುಂಚೆ ಬಿಟ್ಟರೆ ಐದು ಮಂದಿ ಉಳಿಯುತ್ತಾರೆ. ಇದನ್ನು ದಿಲ್ಲಿಯಲ್ಲಿ, ತಿರುವನಂತಪುರದಲ್ಲಿ ಕೂತವರು ಹೇಳಲಾರರು. ನೀವೇ ಹೇಳಬೇಕು.

ಭಾಷೆಯ ವಿಷಯವೂ ಹಾಗೆಯೇ. ಪೈವಳಿಕೆ, ಮೀಂಜ, ದೇಲಂಪಾಡಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ತರಬೇತಿ ಮಾತ್ರ ಮಲಯಾಳದಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ. ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ವೆಲ್ಡಿಂಗ್ ಕಲಿಸುವಾಗ ಒಂದೇ ಭಾಷೆ. ಎರಡು ವಾರ ಕೂತು ಮೂರನೇ ವಾರ ಬಿಟ್ಟ ಹುಡುಗನ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಅಂತ ಬರೆದುಬಿಟ್ಟರೆ ಮುಗಿಯಿತಾ? ಬಿಟ್ಟವರು ಯಾವ ಮಾಧ್ಯಮದಲ್ಲಿ ಓದಿದವರು ಅಂತ ಬೇರೆ ಬೇರೆ ಎಣಿಸಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತಿಗಿಂತ, ದುಡ್ಡು ಎಲ್ಲಿ ಸೋರುತ್ತಿದೆ ಅಂತ ತೋರಿಸುವ ಲೆಕ್ಕದ ಮಾತಿಗೆ ಆಫೀಸುಗಳಲ್ಲಿ ಬೆಲೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಸುತ್ತಮುತ್ತಲೇ ಒಂದೆರಡು ಒಳ್ಳೆಯ ಮಾದರಿ ಇವೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ. ಮುಂದೆ ಕೇಂದ್ರ ಸರಕಾರ ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಜಿಲ್ಲೆಗೊಂದು ಸ್ವಉದ್ಯೋಗ ತರಬೇತಿ ಸಂಸ್ಥೆ ಮಾಡಿತು. ನಮ್ಮ ಜಿಲ್ಲೆಯದು ಕಾಞಂಗಾಡಿನ ಹತ್ತಿರ ವೆಳ್ಳಿಕ್ಕೋತಿನಲ್ಲಿದೆ. ಈ ಸಂಸ್ಥೆಗಳ ದೊಡ್ಡ ಗುಣ ಯಾವುದೆಂದರೆ, ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನು ಬಿಡುವುದಿಲ್ಲ. ಅಂಗಡಿ ಹಾಕಿದ್ದೀಯಾ, ಬ್ಯಾಂಕ್ ಸಾಲ ಸಿಕ್ಕಿತಾ ಅಂತ ವಿಚಾರಿಸುತ್ತಾರೆ. ಇಲ್ಲಿಯೂ ಪಕ್ಕದ ಮನೆಯ ಬಾವಿ ನೋಡುವ ಕ್ರಮ ಇಲ್ಲ. ಆದರೂ ಎಪ್ರಿಲ್ ತಿಂಗಳಲ್ಲಿ ಬಂದು ಬಾವಿ ನೋಡುತ್ತಾರೆ. ಅರ್ಧ ದಾರಿ ಆಯಿತು.

ಇನ್ನೊಂದು ತೆಂಗಿನ ಮರ ಹತ್ತುವ ತರಬೇತಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ್ದು. ಆರು ದಿನದ ಪಾಠ, ಕೈಗೆ ಹತ್ತುವ ಯಂತ್ರ, ಮೇಲಿಂದ ವಿಮೆ. ಕಾಯಿ ಕೀಳಲು ಜನ ಸಿಗದೆ ತೋಟದವರು ಒದ್ದಾಡುತ್ತಿದ್ದ ಕಾಲ, ಹಾಗಾಗಿ ಕೆಲಸ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಯಾವ ತರಬೇತಿಯೂ ಹೀಗೇ ಇರಬೇಕು: ಕಲಿತ ಮರುದಿನವೇ ಕರೆಯುವವರಿರಬೇಕು. ಆದರೆ ಕಲಿತವರಲ್ಲಿ ಈಗಲೂ ಮರ ಹತ್ತುವವರೆಷ್ಟು ಅನ್ನುವ ಪ್ರಶ್ನೆ ಇದ್ದೇ ಇದೆ. ಪಟ್ಟಿಯಲ್ಲಿರುವ ನಂಬರಿಗೆ ಫೋನು ಮಾಡಿದರೆ "ಅವನು ಖತಾರಿನಲ್ಲಿ" ಅಂತ ಅಮ್ಮ ಉತ್ತರ ಕೊಡುವುದು ನಿಮಗೆಲ್ಲ ಗೊತ್ತಿದ್ದದ್ದೇ.

ಹಾಗಾದರೆ ಕೆಲಸ ಸಿಕ್ಕಿದ ಮೇಲೆಯೇ ದುಡ್ಡು ಕೊಟ್ಟರಾಯಿತಲ್ಲ? ಇಷ್ಟು ಹೊತ್ತಿಗೆ ಈ ಪ್ರಶ್ನೆ ನಿಮ್ಮ ತಲೆಯಲ್ಲಿ ಬಂದಿರುತ್ತದೆ. ಅದರಲ್ಲೂ ಒಂದು ಗುಂಡಿ ಇದೆ. ಅಮೆರಿಕದಲ್ಲಿ 1982ರಲ್ಲಿ ಉದ್ಯೋಗ ತರಬೇತಿಗೆ ಅಂತ ಒಂದು ಕಾಯಿದೆ ಬಂತು. ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಅಂತ ನೋಡಿ ಕೇಂದ್ರಗಳಿಗೆ ಬಹುಮಾನದ ಹಣ ಕೊಡುತ್ತಿದ್ದರು. ಕೇಂದ್ರದವರು ಜಾಣರು. ಹೇಗೂ ಕೆಲಸ ಸಿಗುವಂಥವರನ್ನೇ ಆರಿಸಿಕೊಳ್ಳುವ ಆಸೆ ಅವರಿಗೆ ಹುಟ್ಟಿತು. ಕೆಲಸ ಸಿಗದವರ ಫೈಲನ್ನು ಮುಚ್ಚದೆ ಹಾಗೇ ಇಟ್ಟುಕೊಂಡು, ಲೆಕ್ಕಕ್ಕೆ ಅನುಕೂಲವಾದ ದಿನ ಮುಚ್ಚಿದ್ದನ್ನೂ ಸಂಶೋಧಕರು ತೋರಿಸಿದ್ದಾರೆ. ನಮ್ಮಲ್ಲಿ ಇದೇ ಆದರೆ ವಿದ್ಯಾನಗರದ ಡಿಗ್ರಿ ಆದ ಹುಡುಗನಿಗೆ ಸೀಟು, ಬೆಳ್ಳೂರಿನ ಕಾಲೊನಿಯ ಹತ್ತನೇ ತರಗತಿ ಹುಡುಗಿಗೆ "ಮುಂದಿನ ಬ್ಯಾಚಿಗೆ ಬಾ". ಆದ್ದರಿಂದ ಫಲಿತಾಂಶಕ್ಕೆ ದುಡ್ಡು ಕೊಡುವುದಾದರೆ, ಕಷ್ಟದ ಅಭ್ಯರ್ಥಿಗೆ ಜಾಸ್ತಿ ದರ ಇಡಲೇಬೇಕು. 2021ರಲ್ಲಿ ನಮ್ಮ ದೇಶದಲ್ಲೇ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ಮತ್ತು ಕೆಲವು ದತ್ತಿ ಸಂಸ್ಥೆಗಳು ಸೇರಿ, ಫಲಿತಾಂಶ ನೋಡಿ ಹಣ ಕೊಡುವ ಒಂದು ಬಾಂಡ್ ಯೋಜನೆ ಮಾಡಿದರು. 50,000 ಯುವಜನರ ಗುರಿ, ಅದರಲ್ಲಿ 60 ಶೇಕಡಾ ಹೆಂಗಸರು. ಸರ್ಟಿಫಿಕೇಟಿಗೆ ನಿಲ್ಲದೆ, ಕೆಲಸ ಸಿಕ್ಕಿದ್ದಕ್ಕೂ ಮೂರು ತಿಂಗಳು ಅದರಲ್ಲಿ ಉಳಿದದ್ದಕ್ಕೂ ಹಣ. ಹೆಂಗಸರ ಪಾಲನ್ನು ಮೊದಲೇ ಬರೆದಿಟ್ಟದ್ದು ಒಳ್ಳೆಯದಾಯಿತು. ಮೂರು ತಿಂಗಳು ಮಾತ್ರ ಸಾಲದು ಅನ್ನುತ್ತೇನೆ.

ಅದೇ ಅಮೆರಿಕದ ಕಾಯಿದೆಯಿಂದ ಇನ್ನೊಂದು ಪಾಠ ಇದೆ. 16 ಊರುಗಳಲ್ಲಿ ಸುಮಾರು 20,000 ಮಂದಿ ಅರ್ಜಿದಾರರನ್ನು ಅದೃಷ್ಟದ ಮೇಲೆ ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿದರು. ದೊಡ್ಡವರಿಗೆ ಸಾಧಾರಣ ಪ್ರಯೋಜನ ಕಂಡಿತು. ಶಾಲೆ ಬಿಟ್ಟ ಯುವಜನರಿಗೆ ಏನೂ ಇಲ್ಲ. ಫಲಿತಾಂಶ ಬಂದ ಸ್ವಲ್ಪ ಸಮಯಕ್ಕೆ, 1995ರಲ್ಲಿ, ಅಲ್ಲಿನ ಸಂಸತ್ತು ಯುವಜನರ ತರಬೇತಿ ಹಣದ ಬಹುಪಾಲನ್ನು ಕತ್ತರಿಸಿ ಹಾಕಿತು. ಪುರಾವೆ ನೋಡಿ ದುಡ್ಡು ಕೊಡುವುದು ಅಂದರೆ ಇದಾ? ಅರ್ಧ ಮಾತ್ರ. ಈ ಬಗೆಯ ತರಬೇತಿ ಯುವಕರಿಗೆ ನಡೆಯಲಿಲ್ಲ ಅಂತ ಗೊತ್ತಾದಾಗ ಆ ದುಡ್ಡನ್ನು ಇನ್ನೊಂದು ಬಗೆಗೆ ಹಾಕಿ ನೋಡಬೇಕಿತ್ತು. ಪುರಾವೆಯ ಮಾತಾಡುವವರ ಕೈಯಲ್ಲಿ ಕತ್ತರಿ ಕೊಟ್ಟರೆ ಜನ ಹೆದರುತ್ತಾರೆ. ಆಮೇಲೆ ಯಾವ ಕೇಂದ್ರವೂ ನಿಜವಾದ ಅಂಕಿ ಕೊಡುವುದಿಲ್ಲ.

ನಾವು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ಕೇರಳದಲ್ಲಿ ಒಂದು ಅನುಕೂಲ ಇದೆ. 1996ರ ಜನಕೀಯ ಯೋಜನೆಯ, ಅಂದರೆ ಅಧಿಕಾರವನ್ನು ಕೆಳಗಿನವರೆಗೆ ಹಂಚಿದ ಯೋಜನೆಯ ನಂತರ ಪಂಚಾಯತುಗಳ ಕೈಗೆ ದುಡ್ಡು ಬರುತ್ತದೆ. ಅದರಲ್ಲಿ ಹತ್ತು ಶೇಕಡಾ ಹೆಂಗಸರಿಗೆ ಅಂತಲೇ ಇರುವ ಮಹಿಳಾ ಘಟಕ ಯೋಜನೆಗೆ ಇಡಬೇಕು. ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ. ಅಂದರೆ ಯಾವ ತರಬೇತಿಗೆ ದುಡ್ಡು ಅಂತ ತೀರ್ಮಾನಿಸುವ ಅಧಿಕಾರದ ಒಂದು ತುಂಡು ಈ ಕೋಣೆಯಲ್ಲೇ ಕೂತಿದೆ.

ಮೂವತ್ತು ಸೀಟಿಗೆ ಅರುವತ್ತು ಅರ್ಜಿ ಬರುತ್ತದೆ. ಮಾರ್ಕು ಹಾಕಿ ತೀರಾ ಅಗತ್ಯ ಇರುವವರನ್ನು ಮೊದಲು ತೆಗೆದುಕೊಳ್ಳಿ. ಉಳಿದವರಲ್ಲಿ ಒಂದೇ ಮಾರ್ಕಿನವರು ತುಂಬಾ ಮಂದಿ ಇರುತ್ತಾರಲ್ಲ, ಅವರ ನಡುವೆ ಚೀಟಿ ಎತ್ತಿ. ಸಿಗದವರ ಹೆಸರನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಂದು ವರ್ಷ, ಎರಡು ವರ್ಷ ಕಳೆದ ಮೇಲೆ ಇಬ್ಬರನ್ನೂ ಕೇಳಿ: ಈಗ ಏನು ಕೆಲಸ, ತಿಂಗಳಿಗೆ ಎಷ್ಟು ಸಿಗುತ್ತದೆ, ಎಲ್ಲಿ. ಎರಡು ವರ್ಷ ಯಾಕೆ ಅಂದರೆ, ಬೇರೆ ಬೇರೆ ದೇಶಗಳ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಕಾರ್ಡ್, ಕ್ಲೂವೆ, ವೆಬರ್ ಎಂಬ ಮೂವರು ತೋರಿಸಿದ ಹಾಗೆ, ತರಬೇತಿಯ ಫಲ ಮೊದಲ ವರ್ಷ ಅಷ್ಟಾಗಿ ಕಾಣುವುದಿಲ್ಲ. ಎರಡು ಮೂರು ವರ್ಷಕ್ಕೆ ಕಾಣುತ್ತದೆ.

ಒಂದು ಪಂಚಾಯತಿನ ಮೂವತ್ತು ಮಂದಿಯನ್ನು ನೋಡಿ ಏನೂ ಹೇಳಲು ಬರುವುದಿಲ್ಲ, ಅದು ಬರೀ ಅದೃಷ್ಟದ ಆಟ ಆಗಬಹುದು. ಆದರೆ ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳಿವೆ. ಒಂದೇ ಬಗೆಯ ತರಬೇತಿಗೆ ಎಲ್ಲರೂ ಒಂದೇ ರೀತಿ ಲೆಕ್ಕ ಇಟ್ಟರೆ ಸಾವಿರ ಮಂದಿ ದಾಟುತ್ತದೆ. ಆಗ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೆ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮೂರರ ವ್ಯತ್ಯಾಸ ಅಷ್ಟರಲ್ಲೂ ಕಾಣುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. "ಎಲ್ಲಿ" ಅನ್ನುವ ಪ್ರಶ್ನೆ ಬಿಡಬೇಡಿ. ನಮ್ಮ ಎಷ್ಟು ಮಂದಿಯ ಹೊಟ್ಟೆಪಾಡು ಮಂಗಳೂರಿನಲ್ಲಿದೆ ಅಂತ 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಗೊತ್ತಾಯಿತಲ್ಲ. ಗಡಿ ದಾಟಿದ ಕೆಲಸವೂ ಕೆಲಸವೇ.

ದುಡ್ಡು ಖರ್ಚಿಲ್ಲದ ಒಂದು ಉಪಾಯವನ್ನೂ ಹೇಳುತ್ತೇನೆ. ಬಿಹಾರ, ಝಾರ್ಖಂಡಿನಲ್ಲಿ ದೀನದಯಾಳ್ ಗ್ರಾಮೀಣ ಕೌಶಲ ಯೋಜನೆಯ ಕೆಲವು ಬ್ಯಾಚುಗಳಿಗೆ, ಮುಂದೆ ಸಿಗುವ ಕೆಲಸ ಎಂಥದ್ದು ಅಂತ ಮೊದಲೇ ಎರಡು ತರಗತಿ ಮಾಡಿ ತಿಳಿಸಿದರು. ಊರು ಯಾವುದು, ಸಂಬಳ ಎಷ್ಟು, ಎಲ್ಲಿ ಉಳಿಯಬೇಕು. ಅಷ್ಟೇ. ಆ ಬ್ಯಾಚಿನವರು ಸಿಕ್ಕಿದ ಕೆಲಸದಲ್ಲಿ ಉಳಿದದ್ದು ಜಾಸ್ತಿ. ಕೇರಳದಲ್ಲಿ ಅದೇ ಯೋಜನೆಯನ್ನು ನಡೆಸುವುದು ಕುಟುಂಬಶ್ರೀ. ಕೊಚ್ಚಿಗೆ ಹೋಗಿ ವಾರದೊಳಗೆ ವಾಪಸು ಬಂದ ಮಕ್ಕಳ ಕತೆ ನಿಮ್ಮಲ್ಲಿ ತುಂಬಾ ಮಂದಿಗೆ ಗೊತ್ತಿದೆ. ಆ ಎರಡು ತರಗತಿ ಇಲ್ಲೂ ಮಾಡಬಹುದು.

ಕೊನೆಗೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳು.

ಒಬ್ಬ ಮೆಂಬರು ಕೇಳಿದರು: "ಚೀಟಿ ಎತ್ತಿದರೆ ಸಿಗದವರು ನಮಗೆ ಬೈಯ್ಯುವುದಿಲ್ವಾ?" ಬೈಯ್ಯುತ್ತಾರೆ. ಈಗಲೂ ಬೈಯ್ಯುತ್ತಿದ್ದಾರೆ, ಮೆಂಬರಿನ ಸಂಬಂಧಿಕರಿಗೇ ಸೀಟು ಅಂತ. ಎಲ್ಲರ ಎದುರು ಮಗುವಿನ ಕೈಯಲ್ಲಿ ಚೀಟಿ ತೆಗೆಸಿದರೆ ಬೈಗುಳ ಕಡಿಮೆ ಆಗುತ್ತದೆ. 1967ರಿಂದ ಸರಕಾರವೇ ಲಾಟರಿ ನಡೆಸುವ ರಾಜ್ಯ ನಮ್ಮದು, ಜನರಿಗೆ ಅಭ್ಯಾಸ ಇದೆ.

ಒಬ್ಬ ಟೀಚರ್ ಕೇಳಿದರು: "ಕೆಲಸ ಸಿಗದಿದ್ದರೂ ತರಬೇತಿಯಿಂದ ಹೆಣ್ಣುಮಕ್ಕಳಿಗೆ ಧೈರ್ಯ ಬರುತ್ತದಲ್ಲ?" ಬರುತ್ತದೆ, ಅದಕ್ಕೆ ಬೆಲೆಯೂ ಇದೆ. ಹಾಗಿದ್ದರೆ ಅದನ್ನೂ ಮೊದಲೇ ಬರೆದಿಡಿ, ಅದನ್ನೂ ಕೇಳಿ ನೋಡಿ. ಉದ್ಯೋಗಕ್ಕೆ ಅಂತ ದುಡ್ಡು ತೆಗೆದುಕೊಂಡು, ಉದ್ಯೋಗ ಆಗದಿದ್ದಾಗ ಧೈರ್ಯದ ಮಾತು ಎತ್ತುವುದು ಸರಿಯಲ್ಲ.

"ಎರಡು ವರ್ಷ ಬಿಟ್ಟು ಇವರನ್ನೆಲ್ಲ ಹುಡುಕುವವರು ಯಾರು? ನಂಬರು ಬದಲಾಗಿರುತ್ತದೆ" ಅಂತ ಸಿಡಿಎಸ್ಸಿನ, ಅಂದರೆ ಕುಟುಂಬಶ್ರೀಯ ಪಂಚಾಯತ್ ಮಟ್ಟದ ಸಮಿತಿಯ ಒಬ್ಬ ಅಕ್ಕ ಕೇಳಿದರು. ಉತ್ತರ ಅವರ ಕೈಯಲ್ಲೇ ಇದೆ. ವಾರಕ್ಕೊಮ್ಮೆ ಅಯಲ್ಕೂಟ, ಅಂದರೆ ಕುಟುಂಬಶ್ರೀಯ ನೆರೆಹೊರೆಯ ಗುಂಪು ಸೇರುತ್ತದೆ, ಹತ್ತಿಪ್ಪತ್ತು ಮನೆಯ ಹೆಂಗಸರು. ಯಾರ ಮಗಳು ಎಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಯಾರ ಹೊಲಿಗೆ ಮಿಷನ್ ಮೇಲೆ ಬಟ್ಟೆ ಒಣಗುತ್ತಿದೆ ಅಂತ ಅಲ್ಲಿ ಗೊತ್ತಿಲ್ಲದ್ದು ಯಾವುದಿದೆ? ಸಂಬಳ ಎಷ್ಟು ಅನ್ನುವುದನ್ನು ಮಾತ್ರ ಅಲ್ಲಿ ಎಲ್ಲರ ಮುಂದೆ ಕೇಳಬೇಡಿ. ಅದಕ್ಕೆ ಫೋನು ಮಾಡಿ. ಅರ್ಜಿ ಫಾರಂನಲ್ಲಿ ಅಭ್ಯರ್ಥಿಯ ನಂಬರಿನ ಕೆಳಗೆ ಅಮ್ಮನದೋ ಅತ್ತಿಗೆಯದೋ ಇನ್ನೊಂದು ನಂಬರು ತೆಗೆದುಕೊಳ್ಳಿ, ಮುಂದೆ ಫೋನು ಮಾಡಲು ಒಪ್ಪಿಗೆ ಇದೆ ಅಂತ ಒಂದು ಸಹಿ ಹಾಕಿಸಿ. ಸೀಟು ಸಿಗದವರಿಂದಲೂ ಹಾಕಿಸಿ.